ಗಾಡಿ ಹತ್ತಲು ಇಳಿಜಾರು

ನಾನು ಗೌಂಡಿ. ಹೆಸರು ಇಸಾಕಸಾಬ. ಹುಟ್ಟಿದ್ದು ಕುಪ್ಪೇಲೂರು, ಹನ್ನೆರಡು ವರ್ಷದಿಂದ ಬ್ಯಾಡಗಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಿಗೆ ಗೋಡೆ ಎಬ್ಬಿಸಿದ್ದೇನೆ, ರಾಣೇಬೆನ್ನೂರಿನ ಬಂಗಲೆಗಳಿಗೆ ಪ್ಲಾಸ್ಟರ್ ಹೊಡೆದಿದ್ದೇನೆ, ಹಾವೇರಿಯಲ್ಲಿ ಒಂದು ಮಸೀದಿಗೂ ಎರಡು ಮಠಗಳಿಗೂ ಮೆಟ್ಟಿಲು ಹಾಕಿದ್ದೇನೆ. ನಿಮ್ಮ ಸಿಟ್ಟು ಮೂಗಿನ ತುದಿಗೇ ಇರುತ್ತದೆ ಎಂದು ನನ್ನ ಹೆಂಡತಿ ದೌಲತಬಿ ಹೇಳುತ್ತಾಳೆ. ಇರಲಿ. ಇದನ್ನು ಕೇಳಿದ ಮೇಲೆ ನೀವೇ ಹೇಳಿ, ಸಿಟ್ಟು ಬರಬೇಕೋ ಬೇಡವೋ.

ನಮಗೆ ಒಬ್ಬಳೇ ಮಗಳು, ದಿಲನಾಜ. ಹತ್ತನೇ ವಯಸ್ಸಿಗೆ ಬೆನ್ನುಹುರಿಯಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತು. ಜೀವ ಉಳಿಯಿತು, ಸೊಂಟದ ಕೆಳಗಿನ ಬಲ ಹೋಯಿತು. ಅಂದಿನಿಂದ ಗಾಲಿಕುರ್ಚಿ. ಆದರೆ ನಮ್ಮ ಮನೆಯಲ್ಲಿ ಅದನ್ನು ಕುರ್ಚಿ ಅನ್ನುವಂತಿಲ್ಲ, ಅದು ನಾನು ಮಾಡಿದ ಕಾನೂನು. ಕುರ್ಚಿ ಕುಂತವರದು. ನನ್ನ ಮಗಳು ಕುಂತವಳಲ್ಲ, ಹೊರಟವಳು. ಅದಕ್ಕೆ ಗಾಡಿ ಅಂತಲೇ ಹೆಸರಿಟ್ಟೆ. ಅವಳೂ ಸಣ್ಣವಳಿದ್ದಾಗ ಬಾಯಲ್ಲಿ ಪೀಂ ಪೀಂ ಎನ್ನುತ್ತ ಊಟಕ್ಕೆ ಬರುತ್ತಿದ್ದಳು.

ಹೈವೇ ಮೇಲೆ ಬ್ಯಾಡಗಿ ಕ್ರಾಸ್ ದಾಟಿ ಹಾವೇರಿ ಕಡೆ ಹೊರಟರೆ ಎಡಕ್ಕೆ ತುಂಗಾತೀರ ವಿಶ್ವವಿದ್ಯಾಲಯ ಸಿಗುತ್ತದೆ. ಖಾಸಗಿಯವರದು. ದಿಲನಾಜ ಅಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದಳು. ಆ ಕಟ್ಟಡ ನನಗೆ ಹೊಸದಲ್ಲ. ಎಂಟು ವರ್ಷದ ಹಿಂದೆ ಕಾಂಟ್ರಾಕ್ಟರ್ ಹುಲಿಗೇಶನ ಕೈಕೆಳಗೆ ನಾನೇ ದುಡಿದದ್ದು. ಮುಂದಿನ ಮೂರು ಮೆಟ್ಟಿಲು ನನ್ನವು. ಡೈರೆಕ್ಟರ್ ಕೋಣೆಗೆ ಮೂರಡಿ ಅಗಲದ ಬಾಗಿಲು ಬಿಟ್ಟವನೂ ನಾನೇ, ಅದಕ್ಕೆ ಸಾಗವಾನಿ ಹೊಸ್ತಿಲು ಕೂಡಿಸಿದವನೂ ನಾನೇ. ಹೊಸ್ತಿಲಿಲ್ಲದ ಬಾಗಿಲು ಬಾಗಿಲಲ್ಲ ಎಂದು ಆಗ ಡೈರೆಕ್ಟರ್ ಪರಮೇಶಪ್ಪನವರು ಹಟ ಹಿಡಿದಿದ್ದರು. ಪೂಜೆಯ ದಿನ ನನಗೂ ಒಂದು ತೆಂಗಿನಕಾಯಿ ಕೊಟ್ಟಿದ್ದರು.

ಒಂದೊಂದು ಮೆಟ್ಟಿಲು ಏಳು ಇಂಚು. ಹಾಕುವಾಗ ಎಷ್ಟು ಚಂದ ಬಂದವು ಎಂದು ನಿಂತು ನೋಡಿದ್ದೆ. ಮಗಳನ್ನು ಸೇರಿಸಲು ಹೋದ ದಿನ ಅದೇ ಮೂರು ಮೆಟ್ಟಿಲ ಮುಂದೆ ನಿಂತಾಗ ನಾಚಿಕೆಯಾಯಿತು.

'ಅಬ್ಬಾ, ಇಳಿಜಾರು ಬೇಕಂತ ಅರ್ಜಿ ಕೊಡೂನು' ಅಂದಳು ದಿಲನಾಜ. ಅಲ್ಲೇ ಬರೆಯತೊಡಗಿದಳು. ಅವಳು ಗಾಲಿಕುರ್ಚಿ ಎಂದು ಬರೆಯುವಾಗ ನಾನು ಪೆನ್ನು ಹಿಡಿದೆ. 'ಕುರ್ಚಿ ಅಂತ ಬರೀಬ್ಯಾಡ ಬೇಟಾ. ಗಾಡಿ ಅಂತ ಬರಿ.'

'ಆಫೀಸಿನವರಿಗೆ ತಿಳೀಬೇಕಲ್ಲ ಅಬ್ಬಾ?'

'ಗಾಡಿ ಅಂದ್ರ ತಿಳೀದ ಇರೂದು ಏನೈತಿ? ಬರಿ ಅಂದ್ರ ಬರಿ.'

ಅಪ್ಪನ ಮಾತು ತೆಗೆದುಹಾಕಬಾರದೆಂದು ಬರೆದಳು. 'ನನ್ನ ಗಾಡಿ ಹತ್ತಲು ಇಳಿಜಾರು ಮಾಡಿಕೊಡಬೇಕೆಂದು ವಿನಂತಿ.' ಆ ಒಂದು ಶಬ್ದ ಮುಂದೆ ಏನೇನು ಮಾಡಿತು ಅನ್ನುವುದನ್ನು ಹೇಳುತ್ತೇನೆ.

ಎರಡು ವರ್ಷ ಅರ್ಜಿ ಮಲಗಿತು. ಮೂರು ಸಲ ಕೇಳಿದೆವು. ಒಮ್ಮೆ ನೋಡೋಣ ಅಂದರು, ಒಮ್ಮೆ ಬೋರ್ಡ್ ಮೀಟಿಂಗ್ ಆಗಲಿ ಅಂದರು, ಮೂರನೇ ಸಲ ಪರಮೇಶಪ್ಪನವರು ನಕ್ಕು, 'ಅಲ್ಲೋ ಇಸಾಕಸಾಬ, ನಮ್ಮ ಹುಡುಗರು ಇಲ್ಲೇನು? ಎತ್ತಿ ಇಡ್ತಾರ. ನಿನ್ನ ಮಗಳು ಅಂದ್ರ ನಮ್ಮ ಮಗಳು' ಅಂದರು. ಹುಡುಗರು ಒಳ್ಳೆಯವರೇ, ಸುಳ್ಳು ಹೇಳಬಾರದು. ಇಬ್ಬರು ಕೂಡಿ ಗಾಡಿಯ ಸಮೇತ ಎತ್ತುತ್ತಿದ್ದರು. ಆದರೆ ಅವರೂ ಕರ್ಜಗಿ ಕಡೆಯಿಂದ ಬಸ್ಸಿಗೆ ಬರುವವರು. ಬಸ್ಸು ಬಂದಾಗ ಅವರು ಬರುತ್ತಾರೆ, ಅವರು ಬಂದಾಗ ಇವಳು ಏರುತ್ತಾಳೆ.

ಮೊದಲ ಪೀರಿಯಡ್ಡು ಒಂಬತ್ತೂವರೆಗೆ. ಐದು ನಿಮಿಷ ತಡವಾದರೆ ಹಾಜರಿ ಪುಸ್ತಕ ಮುಚ್ಚುತ್ತದೆ. ನನ್ನ ಅಕ್ಕನ ಮಗ ಜಾಕೀರ್ ದಿನಾ ತನ್ನ ಆಟೊದಲ್ಲಿ ಅವಳನ್ನು ಒಂಬತ್ತಕ್ಕೆಲ್ಲ ಗೇಟಿನೊಳಗೆ ಬಿಟ್ಟು ಬಾಡಿಗೆಗೆ ಓಡುತ್ತಿದ್ದ. ಬಸ್ಸು ತಡವಾದ ದಿನ ಒಂಬತ್ತರಿಂದ ಹತ್ತರವರೆಗೆ ಅವಳು ಮೆಟ್ಟಿಲ ಕೆಳಗೆ. ಮೇಲೆ ಕಿಟಕಿಯಿಂದ ಮೇಷ್ಟ್ರು ಹೆಸರು ಕೂಗುವುದು ಕೇಳಿಸುತ್ತಿತ್ತಂತೆ. ಒಂದು ದಿನ ಕೆಳಗಿನಿಂದಲೇ 'ಹಾಜರ್ ಸರ್' ಎಂದು ಕೂಗಿದಳು. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಗೈರುಹಾಜರಿ ಹಾಕಿದರು.

ಶೇಕಡಾ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಕೊನೆಯ ಸೆಮಿಸ್ಟರ್ ನಡುವೆ ಅವಳು ಲೆಕ್ಕ ಹಾಕಿ, 'ಅಬ್ಬಾ, ಇನ್ನ ಒಂದ ದಿನಾನೂ ತಪ್ಪಬಾರದು. ತಪ್ಪಿದ್ರ ಒಂದು ವರ್ಷ ಹೋತು' ಅಂದಳು. ಪರೀಕ್ಷೆ ಬರೆಯಲು ಅವಳಿಗೆ ಬುದ್ಧಿ ಇತ್ತು, ಓದಿದ್ದಳು. ಅಡ್ಡ ಇದ್ದದ್ದು ಇಪ್ಪತ್ತೊಂದು ಇಂಚು.

ಅಷ್ಟರಲ್ಲಿ ಹುಲಿಗೇಶನ ಫೋನು ಬಂತು. 'ಇಸಾಕಸಾಬ, ಯುನಿವರ್ಸಿಟಿಯಾಗ ಒಂದು ಸಣ್ಣ ಕೆಲಸ ಐತಿ ನೋಡು. ಗಾಡಿ ಹತ್ತಾಕ ಇಳಿಜಾರ ಹಾಕಬೇಕಂತ. ಯಾವುದೋ ಹಳೇ ಅರ್ಜಿ ಇತ್ತಂತ.'

ಯಾ ಅಲ್ಲಾ! ನಾನು ನಿಂತಲ್ಲೇ ಕುಣಿಯುವುದೊಂದು ಬಾಕಿ. ದೌಲತಬಿ ಸಕ್ಕರೆ ಹಂಚಿದಳು. ನನ್ನ ಮಗಳ ಇಳಿಜಾರಿಗೆ ಬೇರೆಯವನ ಕರಣೆ ಮುಟ್ಟಬಾರದು, ನಾನೇ ಮಾಡುತ್ತೇನೆ ಅಂದೆ. ದಿಲನಾಜ ಒಂದು ಚೀಟಿ ಬರೆದು ನನ್ನ ಅಂಗಿಯ ಕಿಸೆಯಲ್ಲಿಟ್ಟಳು. 'ಅಬ್ಬಾ, ಅಳತಿ ಇದರಾಗ ಐತಿ. ಹನ್ನೆರಡಕ್ಕ ಒಂದು. ಒಂದು ಇಂಚು ಏರಾಕ ಹನ್ನೆರಡು ಇಂಚು ಉದ್ದ ಬೇಕು. ಮರೀಬ್ಯಾಡ್ರಿ.'

'ಮೂವತ್ತು ವರ್ಷದ ಗೌಂಡಿಗೆ ನೀ ಅಳತಿ ಹೇಳ್ತೀಯೇನ?' ಎಂದು ನಕ್ಕೆ.

ಅವಳ ಲೆಕ್ಕದಲ್ಲಿ ಇಪ್ಪತ್ತೊಂದು ಇಂಚಿಗೆ ಇಪ್ಪತ್ತೊಂದು ಅಡಿ ಉದ್ದ. ಅಷ್ಟು ಉದ್ದ ಬೇಕಾದರೆ ಗೋಡೆಯ ಗುಂಟ ಹೋಗಬೇಕು, ಅಲ್ಲಿ ಡೈರೆಕ್ಟರ ಕಾರು ನಿಲ್ಲುವ ತಗಡಿನ ಶೆಡ್ಡು. ಎದುರಿಗೆ ಬಿಡಬೇಕಾದರೆ ಧ್ವಜದ ಕಟ್ಟೆ. 'ಆರು ಅಡಿಯೊಳಗ ಮುಗಸು' ಅಂದ ಹುಲಿಗೇಶ. ನನಗೂ ಅದೇ ಸರಿ ಅನ್ನಿಸಿತು. ನಮ್ಮ ಕಡೆ ಮನೆಮನೆಗೂ ಮೋಟರ್‌ಸೈಕಲ್ಲು ಒಳಗೆ ಏರಿಸಲು ಇಳಿಜಾರು ಇರುತ್ತದೆ. ಎರಡಡಿ ಎತ್ತರಕ್ಕೆ ಆರಡಿ ಉದ್ದ ಹೊಡೆದು, ಗಾಲಿ ಜಾರದಂತೆ ಕರಣೆಯಿಂದ ಅಡ್ಡಗೆರೆ ಎಳೆದರೆ ಮುಗಿಯಿತು. ಅಂಥವನ್ನು ನೂರಾರು ಮಾಡಿದ್ದೇನೆ. ಕೈ ತಾನೇ ನಡೆಯುತ್ತದೆ. ಕೈ ನಡೆಯಿತು. ಚೀಟಿ ಕಿಸೆಯಲ್ಲಿ ಎಲೆ ಅಡಕೆಯ ಜೊತೆ ಇಡೀ ದಿನ ಇತ್ತು, ತೆಗೆದು ನೋಡಲಿಲ್ಲ.

ಸಂಜೆ ಆಫೀಸಿನವರು ಬಂದು ಫೋಟೊ ಹೊಡೆದರು. ಕರಣೆ ಹಿಡಿದು ಹಲ್ಲು ಕಿರಿಯುತ್ತ ನಿಂತೆ.

ವಾರ ಬಿಟ್ಟು, ಸಿಮೆಂಟ್ ಗಟ್ಟಿಯಾದ ಮೇಲೆ, ಜಾಕೀರನ ಆಟೊದಲ್ಲಿ ನಾನೂ ಹೋದೆ. ಮಗಳು ತಾನೇ ಏರುವುದನ್ನು ಕಣ್ಣಾರೆ ನೋಡಬೇಕಿತ್ತು. ನಾವು ಮುಟ್ಟುವುದರೊಳಗೆ ಮೇಲೆ ವರಾಂಡದಲ್ಲಿ ಏಳು ಮೋಟರ್‌ಸೈಕಲ್ಲು, ಎರಡು ಸ್ಕೂಟಿ ನಿಂತಿದ್ದವು. ಎಲ್ಲ ಮೇಷ್ಟ್ರುಗಳವು. ನಮ್ಮ ಕಣ್ಣೆದುರಿಗೇ ಇನ್ನೊಬ್ಬರು ಬುರ್ರೆಂದು ಇಳಿಜಾರು ಏರಿ, 'ಮಸ್ತ್ ಆಗೈತಿ ನೋಡ್ರಿ, ಇನ್ನ ಬಿಸಲಾಗ ಸೀಟ್ ಸುಡೂದು ತಪ್ಪಿತು' ಅಂದರು. ಆಗ ನನಗೆ ಹೊಳೆಯಿತು. ಅರ್ಜಿಯಲ್ಲಿ ಗಾಡಿ ಅಂತ ಇತ್ತಲ್ಲ. ಆ ಶಬ್ದ ಹಿಡಿದು ಮೇಷ್ಟ್ರುಗಳು ತಮ್ಮ ಗಾಡಿಗೆ ಅಂದುಕೊಂಡಿದ್ದರು. ಅಷ್ಟು ದಿನ ಮಲಗಿದ್ದ ಅರ್ಜಿ ಎದ್ದದ್ದೇ ಅದಕ್ಕೆ.

ದಿಲನಾಜ ಮುಂದೆ ಬಂದಳು. ಗಾಲಿ ಹಿಡಿದು ತಳ್ಳಿದಳು. ಒಂದಡಿ ಏರಿತು, ಮುಂದಿನ ಸಣ್ಣ ಗಾಲಿಗಳು ಮೇಲೆದ್ದವು, ಗಾಡಿ ಹಿಂದಕ್ಕೆ ವಾಲಿತು. ನಾನು ಹಿಂದೆ ನಿಂತಿರದಿದ್ದರೆ ತಲೆ ಒಡೆಯುತ್ತಿತ್ತು. ಹಿಡಿಯುವಾಗ ನನ್ನ ಮೊಣಕೈ ನನ್ನದೇ ಅಡ್ಡಗೆರೆಗಳ ಮೇಲೆ ತರಚಿತು.

'ಅಬ್ಬಾ, ಚೀಟಿ ನೋಡಿದ್ರೇನು?'

'ನೋಡೀನಿ.'

'ಖರೇ ಹೇಳ್ರಿ.'

ನನ್ನ ಕೈ ಕಿಸೆಯ ಚೀಟಿಗೆ ಹೋಯಿತು. ಅವಳು ಗಾಡಿ ತಿರುಗಿಸಿದಳು. 'ಇಷ್ಟು ದಿನ ಮೆಟ್ಟಲು ಇದ್ದಾಗ ಹುಡುಗರರೆ ಎತ್ತತಿದ್ರು. ಈಗ ಅವರೂ, ಇಳಿಜಾರ ಐತೆಲ್ಲ ಹೋಗು ಅಂತಾರ. ನಿಮ್ಮ ಕೈಲೇ ನನ್ನ ದಾರಿ ಮುಚ್ಚಿದ್ರಿ.' ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಆ ಮೂರು ದಿನವೂ ಮೊದಲ ಪೀರಿಯಡ್ಡು ತಪ್ಪಿತು.

ಪರಮೇಶಪ್ಪನವರ ಹತ್ತಿರ ಹೋದೆ. ಅವರು ಫೈಲು ತಿರುಗಿಸಿ ತೋರಿಸಿದರು. 'ನೋಡಪಾ, ಅರ್ಜಿ ವಿಲೇವಾರಿ ಆಗೈತಿ. ಫೋಟೊನೂ ಐತಿ. ನೀನ ನಿಂತೀಯಲ್ಲ, ನಕ್ಕೋತ? ಕಟ್ಟಿದಾಂವ ನೀ, ತಕರಾರು ಮಾಡಾಂವಾನೂ ನೀನ ಏನು?'

ಮೈಯೆಲ್ಲ ಉರಿಯಿತು. ಆದರೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವನು ಯಾರನ್ನು ಬೈಯಬೇಕು? ಹೊರಗೆ ಬಂದು ಆ ಇಳಿಜಾರಿನ ಮೇಲೆ ಕುಂತು ಕಿಸೆಯ ಚೀಟಿ ತೆಗೆದೆ. ಎಲೆಯ ಕಲೆ ಹತ್ತಿತ್ತು. ಅವಳ ಗುಂಡು ಅಕ್ಷರ ಹಾಗೇ ಇದ್ದವು.

ನನಗೆ ಕೆಲಸ ಕಲಿಸಿದ ಉಸ್ತಾದರು ಒಂದು ಮಾತು ಹೇಳುತ್ತಿದ್ದರು. ಗೌಂಡಿಯ ಗೋಡೆ ಸೊಟ್ಟ ಬಂದರೆ ಇನ್ನೊಬ್ಬರು ಬೆರಳು ಮಾಡಿ ತೋರಿಸುವ ಮುಂಚೆ ಅವನೇ ಕೆಡವಬೇಕು. ಬೇರೆಯವರ ಕೈಲಿ ಕೆಡವಿಸಿಕೊಂಡವನು ಮತ್ತೆ ಕರಣೆ ಹಿಡಿಯಬಾರದು. ಭಾನುವಾರ ಬೆಳಿಗ್ಗೆ ಹಾರೆ, ಸುತ್ತಿಗೆ ತೆಗೆದುಕೊಂಡು ಹೋದೆ. ಗೇಟು ಕಾಯುವ ಫಕ್ಕೀರಸಾಬ ಓಡಿ ಬಂದ.

'ಏನ ಮಾಡಾಕತ್ತೀಯೋ ಮಾರಾಯ? ನನ್ನ ನೌಕರಿ ತಗೀತಿ ಏನು?'

'ಇದು ನನ್ನ ಕೆಲಸ, ಸೊಟ್ಟ ಬಂದೈತಿ. ಅದಕ್ಕ ಕೆಡವಾಕತ್ತೇನಿ. ಯಾರರೆ ಕೇಳಿದ್ರ ಇಸಾಕಸಾಬನ ಹೆಸರು ಹೇಳು.'

ಅವನು ನೀರಿನ ತಂಬಿಗೆ ತಂದಿಟ್ಟು ಗೇಟಿಗೆ ಹೋದ. ಎರಡು ತಾಸಿನಲ್ಲಿ ಇಳಿಜಾರು ಕಲ್ಲುಮಣ್ಣಾಯಿತು.

ಸೋಮವಾರ ಅದೇನು ಗದ್ದಲ ಅಂತೀರಿ! ಮೇಷ್ಟ್ರುಗಳ ಗಾಡಿಗಳೆಲ್ಲ ಬಿಸಿಲಿನಲ್ಲಿ ನಿಂತವು. ಏಪ್ರಿಲ್ ತಿಂಗಳ ಬಿಸಿಲು. ಮಧ್ಯಾಹ್ನ ಸೀಟಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಎಂದು ಪರಮೇಶಪ್ಪನವರು ಹುಲಿಗೇಶನ ಮೇಲೆ ಕೂಗಾಡಿದರು. ಮಂಗಳವಾರ ಮೇಷ್ಟ್ರುಗಳೆಲ್ಲ ಕೂಡಿ ಸಹಿ ಮಾಡಿ ಮನವಿ ಕೊಟ್ಟರು. ಬುಧವಾರ ಮೀಟಿಂಗ್ ಆಯಿತು. ಗುರುವಾರ ಬೆಳಿಗ್ಗೆ ಹುಲಿಗೇಶ ನಮ್ಮ ಮನೆ ಬಾಗಿಲಲ್ಲಿದ್ದ.

'ಮಾರಾಯಾ, ಲಗೂ ಬಂದು ಕಟ್ಟಿಕೊಡು. ಕಂಪ್ಲೇಂಟ್ ಗಿಂಪ್ಲೇಂಟ್ ಏನಿಲ್ಲ.'

ನನ್ನ ಮಗಳ ಗಾಡಿಗೆ ಎರಡು ವರ್ಷ, ಅವರ ಗಾಡಿಗೆ ನಾಲ್ಕು ದಿನ. ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಆದರೆ ದಿಲನಾಜ ಒಳಗಿನಿಂದ ಬಂದು ನನ್ನ ಕೈ ಹಿಡಿದಳು.

'ಅಬ್ಬಾ ಕಟ್ಟಿಕೊಡ್ತಾರ್ರಿ' ಅಂದಳು ಹುಲಿಗೇಶನಿಗೆ. 'ಇಪ್ಪತ್ತೊಂದು ಅಡಿ. ಕಾರಿನ ಶೆಡ್ ತಗೀರಿ. ಇಲ್ಲಾಂದ್ರ ಬ್ಯಾರೆ ಗೌಂಡಿ ನೋಡ್ಕೋರಿ.'

ಬೇರೆ ಗೌಂಡಿಗಳು ಆಗ ಸಿಗುವಂತಿರಲಿಲ್ಲ, ಎಲ್ಲರೂ ಕೋಲ್ಡ್ ಸ್ಟೋರೇಜ್ ಕೆಲಸದಲ್ಲಿ. ಶೆಡ್ಡು ಬೇವಿನ ಗಿಡದ ಕೆಳಗೆ ಹೋಯಿತು.

ಆರು ದಿನ ಕೆಲಸ ಮಾಡಿದೆ. ಲೆವೆಲ್ ಪೈಪಿನಲ್ಲಿ ನೀರು ತುಂಬಿ ಅಡಿಗಡಿಗೆ ಗುರುತು ಹಾಕಿದೆ. ಮೇಲೆ ತಿರುಗಲು ಐದಡಿ ಸಪಾಟು ಜಾಗ ಬಿಟ್ಟೆ, ಪಕ್ಕಕ್ಕೆ ಹಿಡಿಯಲು ಪೈಪು ಕೂಡಿಸಿದೆ. ಕ್ಲಾಸು ಮುಗಿದ ಮೇಲೆ ದಿಲನಾಜ ಅಲ್ಲೇ ಗಾಡಿ ನಿಲ್ಲಿಸಿ, ಚೀಟಿ ಹಿಡಿದು, ನನ್ನ ಮೇಲೆ ಸೂಪರ್‌ವೈಜರ್‌ಗಿರಿ ಮಾಡುತ್ತಿದ್ದಳು. ಸಿಮೆಂಟ್ ಗಟ್ಟಿಯಾದ ದಿನ, 'ಅಬ್ಬಾ, ಮೊದಲ ನೀವು ಕುಂತು ಏರ್ರಿ' ಅಂದಳು. ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ನಾನು ಅವಳ ಗಾಡಿಯಲ್ಲಿ ಕುಂತೆ. ಅಷ್ಟು ವರ್ಷ ತಳ್ಳಿದ್ದೆ, ಒಮ್ಮೆಯೂ ಕುಂತಿರಲಿಲ್ಲ. ಹನ್ನೆರಡಕ್ಕೆ ಒಂದೇ ಇದ್ದರೂ ನಡುವೆ ತೋಳು ಸೋತವು. ನಿಲ್ಲಿಸಿ ಉಸಿರು ತೆಗೆದುಕೊಂಡು ಏರಿದೆ. ಮೇಲೆ ಮುಟ್ಟಿ ತಿರುಗಿ ನೋಡಿದರೆ ಅವಳು ನಗುತ್ತಿದ್ದಳು. ನನಗೆ ಅಳು ಬಂತು. ಆರಡಿಯದನ್ನು ಕಟ್ಟಿದ ದಿನ ಹೀಗೆ ಒಮ್ಮೆ ಕುಂತು ನೋಡಿದ್ದರೆ ಸಾಕಿತ್ತಲ್ಲ?

ಮರುದಿನ ಒಂಬತ್ತೂ ಹತ್ತಕ್ಕೆ ಅವಳು ಇಳಿಜಾರಿಗೆ ಬಂದಳು. ನಾನು ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಮೇಲೆ ವರಾಂಡದಲ್ಲಿ ನಿಂತಿದ್ದೆ. ಹಿಂದೆ ಒಬ್ಬ ಮೇಷ್ಟ್ರ ಮೋಟರ್‌ಸೈಕಲ್ಲು ಹಾರ್ನ್ ಹೊಡೆಯಿತು. ಅವಳು ತಿರುಗಿ ನೋಡಲಿಲ್ಲ, ತನ್ನ ಪಾಡಿಗೆ ತಾನು ತಳ್ಳುತ್ತ ಏರಿದಳು. ಮೋಟರ್‌ಸೈಕಲ್ಲು ಕಾಲೂರುತ್ತ ಕಾಲೂರುತ್ತ ಹಿಂದೆ ಬಂತು. ಕೆಳಗೆ ನಿಂತಿದ್ದ ಜಾಕೀರ್ ಸೀಟಿ ಹೊಡೆದ. ಅವಳು ವರಾಂಡದಲ್ಲಿ ಒಬ್ಬಳೇ ಹೊರಟು, ನೋಟೀಸ್ ಬೋರ್ಡಿನ ಮುಂದೆ ನಿಂತಳು. ಎರಡು ವರ್ಷ ಎತ್ತಿಕೊಂಡು ಹೋದವರು ನೆಟ್ಟಗೆ ಕ್ಲಾಸಿಗೆ ಒಯ್ದು ಇಡುತ್ತಿದ್ದರು, ಬೋರ್ಡಿನ ಮುಂದೆ ಯಾರೂ ನಿಲ್ಲಿಸಿರಲಿಲ್ಲ.

ಹಾಜರಿ ಕಡಿಮೆ ಇದ್ದವರ ಪಟ್ಟಿ ಹಚ್ಚಿದ್ದರು. ಇವರಿಗೆ ಹಾಲ್ ಟಿಕೆಟ್ ಕೊಡಲಾಗುವುದಿಲ್ಲ ಎಂದು ಮೇಲೆ ಬರೆದಿತ್ತು. ನಾಲ್ಕನೇ ಹೆಸರು ದಿಲನಾಜ ಇಸಾಕಸಾಬ. ಶೇಕಡಾ ಎಪ್ಪತ್ತೆರಡು.

ನನ್ನ ಆರಡಿಯ ಇಳಿಜಾರು, ಆಮೇಲೆ ಕೆಡವಿದ್ದು, ಮತ್ತೆ ಕಟ್ಟಿದ್ದು, ಆ ದಿನಗಳೇ ಅವಳನ್ನು ಕೆಳಗೆ ಎಳೆದಿದ್ದವು. ದಾರಿ ಆಯಿತು, ಹೋಗುವ ಊರೇ ಇಲ್ಲದಂತಾಯಿತು. 'ಬೇಟಾ...' ಅಂದೆ.

ಅವಳು ಗಾಡಿ ತಿರುಗಿಸಿ ಸರಸರ ಇಳಿಜಾರು ಇಳಿದು ಗೇಟಿಗೆ ಹೋದಳು. ಫಕ್ಕೀರಸಾಬನ ಹತ್ತಿರ ಏನೋ ಕೇಳಿ, ಅವನ ದೊಡ್ಡ ರಿಜಿಸ್ಟರುಗಳನ್ನು ತೊಡೆಯ ಮೇಲೆ ಹೇರಿಕೊಂಡು ಮತ್ತೆ ಏರಿ ಬಂದಳು. ಮುಖ ಕೆಂಪಾಗಿತ್ತು. 'ನೀವು ಇಲ್ಲೇ ನಿಲ್ರಿ ಅಬ್ಬಾ. ನಿಮ್ಮ ಸಿಟ್ಟು ಬ್ಯಾಡ. ನನಗ ನಂದ ಐತಿ.'

ಡೈರೆಕ್ಟರ ಕೋಣೆಗೆ ನೆಟ್ಟಗೆ ಹೋದಳು. ಟಕ್ ಎಂದು ಸಪ್ಪಳವಾಯಿತು. ಸಾಗವಾನಿ ಹೊಸ್ತಿಲಿಗೆ ಮುಂದಿನ ಗಾಲಿ ಬಡಿದಿತ್ತು. ನಾನು ಕೂಡಿಸಿದ ಹೊಸ್ತಿಲು. ಅವಳ ಪಾದ ಒಳಗೆ, ಗಾಲಿ ಹೊರಗೆ.

'ಬಾರವಾ ಒಳಗ' ಅಂದರು ಪರಮೇಶಪ್ಪನವರು ತಲೆ ಎತ್ತದೆ.

'ಬರಾಕ ಆಗೂದಿಲ್ರಿ ಸರ್. ಹೊಸ್ತಿಲ ಐತಿ.'

'ಅಯ್ಯ, ಅದಕ್ಕೇನು? ಯಾರರೆ ಬರ್ರೋ ಇಲ್ಲೆ, ಈಕೀನ ಎತ್ತಿ ಒಳಗ ಇಡ್ರಿ.'

'ಎತ್ತಬ್ಯಾಡ್ರಿ. ಎತ್ತಿಸಿಕೊಂಡ ನಾ ಪಟ್ಟಿಯಾಗ ಬಂದೇನಿ.' ಅವಳು ರಿಜಿಸ್ಟರು ಬಿಚ್ಚಿದಳು. 'ಇದು ನಿಮ್ಮದ ಗೇಟಿನ ಪುಸ್ತಕ ಸರ್. ಒಳಗ ಬಂದ ಒಂದೊಂದು ಗಾಡಿನೂ ಬರದೈತಿ. ಆಟೊ, ಜಾಕೀರ್, ಒಂಬತ್ತು ಗಂಟೆ. ಮರದಿನ, ಒಂಬತ್ತಕ್ಕ ಐದು ಕಮ್ಮಿ. ಎರಡು ವರ್ಷದ್ದು ನೋಡ್ರಿ. ನಾ ಒಂದ ದಿನ ಗೈರು ಇಲ್ಲ. ಕೆಳಗ ಹಾಜರ ಇದ್ದೆ.'

ಪರಮೇಶಪ್ಪನವರು ಕನ್ನಡಕ ತೆಗೆದು ಒರೆಸಿದರು. 'ಹೌದವಾ, ಖರೇ. ನೋಡೋಣಂತ. ಬೋರ್ಡಿಗೆ ಬರೀತೇನಿ, ನೀ ಮನಿಗೆ ಹೋಗು.'

ನೋಡೋಣ. ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದ್ದವು. ನನ್ನ ಕೈ ಚೀಲದಲ್ಲಿದ್ದ ಸುತ್ತಿಗೆಗೆ ಹೋಯಿತು. ಅಷ್ಟರಲ್ಲಿ ದಿಲನಾಜ ಗಾಡಿಯ ಎರಡೂ ಕಡೆಯ ಬ್ರೇಕು ಹಾಕಿದಳು. ಕಟ್, ಕಟ್.

'ಇಲ್ಲೇ ನೋಡ್ರಿ ಸರ್. ನಾ ಕಾಯ್ತೇನಿ. ಎರಡು ವರ್ಷ ಕಾದು ನನಗ ರೂಢಿ ಐತಿ.'

ಸುತ್ತಿಗೆ ಬಿಟ್ಟೆ. ಆ ಬಾಗಿಲು ಮೂರಡಿ. ನನ್ನ ಮಗಳ ಗಾಡಿ ಇಪ್ಪತ್ತಾರು ಇಂಚು. ಆಚೆ ಐದು ಇಂಚು, ಈಚೆ ಐದು ಇಂಚು. ಬೆಕ್ಕು ದಾಟಬಹುದು, ಡೈರೆಕ್ಟರ್ ದಾಟುವಂತಿಲ್ಲ. ಅಳತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕೋಣೆಗೆ ಬೇರೆ ಬಾಗಿಲಿಲ್ಲ.

ಅವರು ಬೈದರು, ಪುಸಲಾಯಿಸಿದರು, ಫೋನು ಹಚ್ಚಿದರು. ಅವಳು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಅರ್ಥಶಾಸ್ತ್ರ ಓದುತ್ತ ಕುಂತಳು. ಒಂದು ಗಂಟೆಗೆ ಅವರ ಊಟದ ಹೊತ್ತು, ಮನೆಯಿಂದ ಬಂದ ಡಬ್ಬಿ ಹೊರಗೆ ಕಾರಿನಲ್ಲಿತ್ತು. ಎರಡು ವರ್ಷದ ಅರ್ಜಿ ಮಾಡದ್ದನ್ನು ಆ ಡಬ್ಬಿ ಮಾಡಿತು. ಹನ್ನೆರಡೂ ನಲವತ್ತಕ್ಕೆ ಪಟ್ಟಿಯಿಂದ ಹೆಸರು ಹೊಡೆದು, ಹಾಲ್ ಟಿಕೆಟ್ಟಿಗೆ ಸಹಿ ಮಾಡಿ, ಹೊಸ್ತಿಲ ಒಳಗಿನಿಂದಲೇ ಕೈ ಚಾಚಿ ಕೊಟ್ಟರು.

ದಿಲನಾಜ ಅದನ್ನು ಎರಡು ಸಲ ಓದಿದಳು. ಹೆಸರು ಸರಿ ಇದೆಯೋ ಇಲ್ಲವೋ ನೋಡಿದಳು. ಆಮೇಲೆ ಬ್ರೇಕು ತೆಗೆಯುವ ಮುಂಚೆ ಕೇಳಿದಳು:

'ಸರ್, ಹೊರಗ ಬರ್ತೀರೇನು? ಇಲ್ಲಾ, ಯಾರನರೆ ಕರೀಲಿ, ಎತ್ತಾಕ?'